ಮಲಗಿದ ಕಿಣ್ವವನ್ನು ಎಚ್ಚರಿಸುವವರು ಯಾರು?

ವರ್ಣತಂತುಗಳ ತುದಿಯನ್ನು ಉದ್ದಗೊಳಿಸಿ ಯೌವನವನ್ನು ಕಾಯುವುದಾಗಿ ಹೇಳುವ ಮಾತ್ರೆಗಳ ಜಾಹೀರಾತುಗಳು ಈಗ ಮೊಬೈಲಿನಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಟೆಲೊಮರೇಸ್ ಎಂಬ ಕಿಣ್ವವನ್ನು ಎಚ್ಚರಿಸಿದರೆ ಮುಪ್ಪು ದೂರ ಸರಿಯುತ್ತದೆ ಎಂಬುದು ಅವುಗಳ ವಾದ. ಆದರೆ ಈ ಕಿಣ್ವವು ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿ ಏಕೆ ಮಲಗಿದೆ? ಅದನ್ನು ನಿಜವಾಗಿ ಎಚ್ಚರಿಸುವುದು ಯಾವುದು? ಇವನ್ನು ತಿಳಿದ ಭಕ್ತಬಂಧುಗಳು ಅಂತಹ ಮಾತ್ರೆಗೆ ಹಣ ತೆರುವ ಮುನ್ನ ತಡೆದು ವಿಚಾರ ಮಾಡುವರೆಂದು ನಾವು ನಂಬಿದ್ದೇವೆ.

ನೇಯ್ದ ಸೀರೆಯ ಸೆರಗಿಗೆ ಕುಚ್ಚು ಕಟ್ಟದಿದ್ದರೆ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ವರ್ಣತಂತುಗಳ ತುದಿಗೂ ನಿಸರ್ಗವು ಅಂತಹ ಕುಚ್ಚನ್ನು ಕಟ್ಟಿದೆ; ಅದೇ ಟೆಲೊಮಿಯರ್. ಡಿಎನ್‌ಎಯ ಆರು ಅಕ್ಷರಗಳ ಒಂದೇ ಪದವು ಅಲ್ಲಿ ಸಾವಿರಾರು ಸಲ ಮರಳಿ ಮರಳಿ ಬರುತ್ತದೆ. ಜೀವಕೋಶವು ಒಡೆದು ಎರಡಾದಾಗಲೆಲ್ಲ ಈ ಕುಚ್ಚು ತುಸು ಸವೆಯುತ್ತದೆ. ಮನುಷ್ಯನ ಸಾಮಾನ್ಯ ಜೀವಕೋಶಗಳು ಪ್ರಯೋಗಾಲಯದಲ್ಲಿ ಸುಮಾರು 50 ಬಾರಿ ವಿಭಜನೆಗೊಂಡು ನಿಂತುಬಿಡುತ್ತವೆ ಎಂಬುದನ್ನು 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿಕೊಟ್ಟರು. ಇದು ದೇಹದ ಕೊರತೆಯಲ್ಲ, ಕಾವಲು. ಹದ ತಪ್ಪಿದ ಜೀವಕೋಶವೂ ಈ ಮಿತಿಯನ್ನು ಮುಟ್ಟಿ ನಿಲ್ಲಬೇಕಾಗುತ್ತದೆ.

ಸವೆದ ಕುಚ್ಚನ್ನು ಮತ್ತೆ ಹೆಣೆಯುವ ಕಿಣ್ವವೇ ಟೆಲೊಮರೇಸ್. ಕೆರೆಕುಂಟೆಗಳ ನೀರಿನಲ್ಲಿರುವ ಒಂದು ಏಕಕೋಶಜೀವಿಯಲ್ಲಿ ಕ್ಯಾರಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ 1984ರಲ್ಲಿ ಇದನ್ನು ಕಂಡುಹಿಡಿದರು. 2009ರ ನೊಬೆಲ್ ಪ್ರಶಸ್ತಿಯು ಜಾಕ್ ಶೋಸ್ಟಾಕ್ ಅವರೊಂದಿಗೆ ಈ ಇಬ್ಬರಿಗೆ ಸಂದಿತು. ಭ್ರೂಣದಲ್ಲಿ, ಸಂತಾನಕೋಶಗಳಲ್ಲಿ, ಕೆಲವು ಮೂಲಕೋಶಗಳಲ್ಲಿ ಮಾತ್ರ ಈ ಕಿಣ್ವ ಕೆಲಸಮಾಡುತ್ತದೆ. ಉಳಿದೆಡೆ ಅದಕ್ಕೆ ಬೀಗ ಬಿದ್ದಿರುತ್ತದೆ. ಆದರೆ ನೂರು ಕ್ಯಾನ್ಸರುಗಳಲ್ಲಿ 85ರಿಂದ 90ರಲ್ಲಿ ಅದು ಎಚ್ಚರವಾಗಿರುತ್ತದೆ.

ಬೀಗವಿರುವುದು ಎಲ್ಲಿ? ಟೆಲೊಮರೇಸಿನ ಪ್ರಧಾನ ಭಾಗಗಳು ಎರಡು. ಅಚ್ಚಿನಂತಿರುವ ಆರ್‌ಎನ್‌ಎ ಬಹುತೇಕ ಜೀವಕೋಶಗಳಲ್ಲಿ ತಯಾರಾಗುತ್ತಲೇ ಇರುತ್ತದೆ. ಹೆಣೆಯುವ ಪ್ರೋಟೀನಿನ ವಂಶವಾಹಿಯಾದ ‘ಟರ್ಟ್’ 5ನೆಯ ವರ್ಣತಂತುವಿನಲ್ಲಿದ್ದು, ಅದನ್ನೇ ದೇಹವು ಮುಚ್ಚಿಟ್ಟಿರುತ್ತದೆ. ವಂಶವಾಹಿಯ ಮುಂದೆ, ಓದುವಿಕೆಯನ್ನು ಆರಂಭಿಸುವ ಒಂದು ಹೊಸ್ತಿಲಿದೆ. ವಿಜ್ಞಾನಿಗಳು ಇದನ್ನು ಪ್ರವರ್ತಕ ಎನ್ನುತ್ತಾರೆ. ತಡೆಯುವ ಪ್ರೋಟೀನುಗಳು ಅಲ್ಲಿ ಕುಳಿತಿರುತ್ತವೆ. ‘ಮಿಕ್’ನಂತಹ, ಬೆಳವಣಿಗೆಗೆ ಪ್ರೇರಿಸುವ ಪ್ರೋಟೀನು ಅತಿಯಾದಾಗ ಅವುಗಳ ಹಿಡಿತ ಸಡಿಲವಾಗುತ್ತದೆ.

2013ರಲ್ಲಿ ಎರಡು ಸಂಶೋಧನ ತಂಡಗಳು ಚರ್ಮದ ಮೆಲನೋಮ ಕ್ಯಾನ್ಸರಿನಲ್ಲಿ ಒಂದು ವಿಸ್ಮಯವನ್ನು ಕಂಡವು. ಟರ್ಟ್ ವಂಶವಾಹಿಯ ಒಳಗೆ ಯಾವ ದೋಷವೂ ಇರಲಿಲ್ಲ. ಅದರ ಹೊಸ್ತಿಲಿನಲ್ಲಿ, ಪ್ರೋಟೀನಿನ ಪಾಠವು ಆರಂಭವಾಗುವುದಕ್ಕೆ 124 ಅಥವಾ 146 ಅಕ್ಷರಗಳಷ್ಟು ಹಿಂದೆ, ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟರಿಂದಲೇ ಜಿಎಬಿಪಿ ಎಂಬ ಪ್ರೋಟೀನು ಬಂದು ಕೂರಲು ಹೊಸ ಆಸನವೊಂದು ಸಿದ್ಧವಾಗಿ, ಮುಚ್ಚಿದ ವಂಶವಾಹಿ ತೆರೆದುಕೊಂಡಿತ್ತು. ಮೂತ್ರಕೋಶದ ಮತ್ತು ಮಿದುಳಿನ ಕೆಲವು ಕ್ಯಾನ್ಸರುಗಳಲ್ಲಿಯೂ ಇದೇ ಬದಲಾವಣೆ ಹೇರಳವಾಗಿ ಕಂಡುಬಂದಿತು. ಒಂದು ಕುಟುಂಬದಲ್ಲಂತೂ ಇಂತಹದೇ ಬದಲಾವಣೆ ಹುಟ್ಟಿನಿಂದಲೇ ಇಳಿದುಬಂದು, ಹಲವರಿಗೆ ಮೆಲನೋಮ ತಂದಿತ್ತು.

ಇನ್ನೊಂದು ದಾರಿ ನಮ್ಮ ನಾಡಿನ ಮಹಿಳೆಯರಿಗೆ ಹೆಚ್ಚು ಸಮೀಪದ್ದು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಾಣುವು ‘ಇ6’ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಅದು ಹೊಸ್ತಿಲಿನ ಕಾವಲುಗಾರ ಪ್ರೋಟೀನೊಂದನ್ನು ನಾಶಗೊಳಿಸಿ ಟರ್ಟ್ ವಂಶವಾಹಿಯನ್ನು ತೆರೆಯುತ್ತದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಇದೇ ಕ್ಯಾನ್ಸರಿನಿಂದ ತನ್ನ 31ನೆಯ ವಯಸ್ಸಿನಲ್ಲಿ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗಡ್ಡೆಯ ಜೀವಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ವಿಭಜನೆಗೊಳ್ಳುತ್ತಿವೆ. ಅವುಗಳಲ್ಲಿರುವುದೂ ಎಚ್‌ಪಿವಿಯೇ, ಎಚ್ಚರವಾಗಿರುವುದೂ ಟೆಲೊಮರೇಸೇ. ಆಕೆಯ ಅನುಮತಿಯನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಾಗದು.

ಹಾಗೆಂದು ಟೆಲೊಮರೇಸ್ ಒಂದರಿಂದಲೇ ಕ್ಯಾನ್ಸರ್ ಹುಟ್ಟುವುದಿಲ್ಲ. 1998ರಲ್ಲಿ ಸಾಮಾನ್ಯ ಜೀವಕೋಶಗಳಿಗೆ ಟರ್ಟ್ ಸೇರಿಸಿದಾಗ ಅವು ತಮ್ಮ ಮಿತಿಯನ್ನು ಮೀರಿ ಬಾಳಿದವೇ ಹೊರತು ಕ್ಯಾನ್ಸರಿಗೆ ತಿರುಗಲಿಲ್ಲ. ಆದರೆ ಬೇರೆ ಕಾರಣಗಳಿಂದ ಹದಗೆಟ್ಟ ಜೀವಕೋಶಕ್ಕೆ ಅದು ಆಯುಷ್ಯವನ್ನು ಕೊಡುತ್ತದೆ. ನಮ್ಮೊಳಗೆ ಅಂತಹ ಜೀವಕೋಶ ಯಾವ ಮೂಲೆಯಲ್ಲಿದೆಯೆಂದು ಮಾತ್ರೆ ಮಾರುವವರಿಗೂ ತಿಳಿಯದು. ವೈದ್ಯವಿಜ್ಞಾನವು ಸಾಗುತ್ತಿರುವುದು ಎದುರು ದಿಕ್ಕಿಗೆ: ಕಿಣ್ವವನ್ನು ತಡೆಯುವ ಇಮೆಟೆಲ್‌ಸ್ಟಾಟ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕವು ಅಸ್ಥಿಮಜ್ಜೆಯ ಒಂದು ರೋಗಕ್ಕಾಗಿ ಒಪ್ಪಿಗೆ ನೀಡಿತು. ಅದರಿಂದ ಬಿಳಿರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿಯುವುದುಂಟು. ಆದ್ದರಿಂದ ಅದು ಸುಲಭದ ಮದ್ದಲ್ಲ.

ಅಕ್ಷರ ಬದಲಾಗುವುದನ್ನು ತಡೆಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಲ್ಲ. ವೈರಾಣುವನ್ನು ತಡೆಯುವುದು ಇದೆ. ಎಚ್‌ಪಿವಿ ಲಸಿಕೆಯನ್ನು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಡಿಸುವುದು ಉತ್ತಮ. ಪುಣೆಯ ಸೀರಮ್ ಸಂಸ್ಥೆಯು ತಯಾರಿಸಿದ ಸ್ವದೇಶಿ ಲಸಿಕೆಯೂ ಈಗ ದೊರೆಯುತ್ತದೆ. ಲಸಿಕೆಯು ವೈರಾಣುವಿನ ಎಲ್ಲ ಬಗೆಗಳನ್ನೂ ತಡೆಯಲಾರದಾದ ಕಾರಣ, 30 ದಾಟಿದ ತಾಯಂದಿರು ಗರ್ಭಕಂಠದ ತಪಾಸಣೆಯನ್ನು ಮಾಡಿಸಿಕೊಳ್ಳಲೇಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಕೋಚಪಟ್ಟು ದಿನ ತಳ್ಳದೆ ಅದೇ ವಾರ ವೈದ್ಯರನ್ನು ಕಾಣಬೇಕು.