ಅಡುಗೆಮನೆಯಲ್ಲಿ ಹುಟ್ಟಿದ ರಕ್ಕಸರು

ಮುಂಬೈಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದ ಅಣ್ಣಾ ಸಾಳುಂಕೆಗೆ ತಿಂಗಳಿಗೆ 10 ರೂಪಾಯಿ ಸಂಬಳ. ತಮ್ಮ ಸಿನಿಮಾದ ತಾರಾಮತಿ ಪಾತ್ರಕ್ಕೆ ಹೆಣ್ಣು ಸಿಗದೆ ಅಲೆದು ಸುಸ್ತಾಗಿದ್ದ ದಾದಾಸಾಹೇಬ್ ಫಾಲ್ಕೆ ಒಂದು ದಿನ ಈ ಹುಡುಗನನ್ನು ಕಂಡರು. ಸಣ್ಣ ಮೈಕಟ್ಟು, ನವಿರಾದ ಮುಖ. ತಿಂಗಳಿಗೆ 15 ರೂಪಾಯಿ ಕೊಡುತ್ತೇನೆ ಎಂದು ಕರೆದೊಯ್ದು ಸೀರೆ ಉಡಿಸಿದರು. 1913ರ ಮೇ ತಿಂಗಳಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆ ಕಂಡಾಗ ಹರಿಶ್ಚಂದ್ರನ ರಾಣಿಯಾಗಿ ಜನ ನೋಡಿದ್ದು ಈ ಅಡುಗೆಯವನನ್ನು. 1917ರ ‘ಲಂಕಾ ದಹನ’ದಲ್ಲಂತೂ ರಾಮನೂ ಅವನೇ, ಸೀತೆಯೂ ಅವನೇ.

ಆಗ ಖಾನಾವಳಿಯಿಂದ ಒಬ್ಬ ಮನುಷ್ಯ ಸಿನಿಮಾದ ವೇಷದೊಳಗೆ ಹೋದ. ಈಗ ಸಿನಿಮಾದ ವೇಷಗಳೇ ಖಾನಾವಳಿಗೆ ಬಂದಿವೆ. ಗಾಜಿನ ಪೆಟ್ಟಿಗೆಯಲ್ಲಿ ಕೊಲೆಗಾರನ ಮುಖವಾಡ, ಕಂಬಕ್ಕೆ ಒರಗಿಸಿದ ರಕ್ಕಸನ ಮೈ, ಗೋಡೆಗೆ ನೇತುಹಾಕಿದ ರಕ್ತ ಮೆತ್ತಿದ ಅಂಗಿ. ಅವುಗಳ ಕೆಳಗೆ ಕೂತು ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಾರೆ. ಭಯ ಹುಟ್ಟಿಸಲೆಂದೇ ಮಾಡಿದ ವಸ್ತುವನ್ನು ಊಟದ ಮೇಜಿನ ಪಕ್ಕ ಇಡಬೇಕೆಂದು ಮೊದಲು ಯಾರಿಗೆ ತೋಚಿತು?

ಸಿನಿಮಾ ಹುಟ್ಟುವ ಮೊದಲೇ ಪ್ಯಾರಿಸ್ಸಿನವರಿಗೆ ತೋಚಿತ್ತು. ಮೊಂಮಾರ್ತ್ರ್ ಬಡಾವಣೆಯಲ್ಲಿ 1892ರಲ್ಲಿ ‘ಕ್ಯಾಬರೆ ದ್ಯು ನೆಆಂ’ ಎಂಬ ಪಾನಗೃಹ ತೆರೆಯಿತು. ಹೆಸರಿನ ಅರ್ಥ ಶೂನ್ಯದ ಮನೆ. ಅಲ್ಲಿ ಶವಪೆಟ್ಟಿಗೆಗಳೇ ಮೇಜುಗಳು. ಬಡಿಸುವವರದು ಶವಸಂಸ್ಕಾರ ಮಾಡಿಸುವವರ ಕಪ್ಪು ಉಡುಪು. ಪಾನೀಯಗಳಿಗೆ ರೋಗಗಳ ಹೆಸರು. ಒಳಕೋಣೆಯಲ್ಲಿ ಗಿರಾಕಿಯೊಬ್ಬನನ್ನು ನಿಂತ ಪೆಟ್ಟಿಗೆಯೊಳಗೆ ನಿಲ್ಲಿಸಿದರೆ, ಉಳಿದವರು ನೋಡನೋಡುತ್ತಿದ್ದಂತೆ ಅವನು ಅಸ್ಥಿಪಂಜರವಾಗುತ್ತಿದ್ದ. ಮತ್ತೆ ಮನುಷ್ಯನಾಗಿ ಹೊರಗೆ ಬರುತ್ತಿದ್ದ. ಈ ತಂತ್ರಕ್ಕೆ ‘ಪೆಪ್ಪರನ ಭೂತ’ ಎಂದು ಹೆಸರು. ಪ್ರೇಕ್ಷಕರ ಮುಂದೆ ಓರೆಯಾಗಿ ಒಂದು ದೊಡ್ಡ ಗಾಜು, ಮರೆಯಲ್ಲಿ ಒಂದು ಅಸ್ಥಿಪಂಜರ. ಮನುಷ್ಯನ ಮೇಲಿನ ಬೆಳಕನ್ನು ಮೆಲ್ಲಗೆ ತಗ್ಗಿಸಿ ಮರೆಯಲ್ಲಿರುವುದರ ಮೇಲೆ ಏರಿಸಿದರೆ ಗಾಜಿನಲ್ಲಿ ಮೂಡುವ ಪ್ರತಿಬಿಂಬ ಅವನ ಜಾಗವನ್ನು ತುಂಬುತ್ತದೆ.

ಇದು ಜಾದೂಗಾರರ ವಿದ್ಯೆ, ಫಾಲ್ಕೆಯವರೂ ಜಾದೂಗಾರರೇ. ನಾಸಿಕ್ ಸಮೀಪದ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿದ ಅವರು ಬರೋಡಾದಲ್ಲಿ ಜರ್ಮನ್ ಜಾದೂಗಾರನೊಬ್ಬನಿಂದ ಕೈಚಳಕ ಕಲಿತು, ತಮ್ಮ ಹೆಸರನ್ನೇ ತಿರುಗಿಸಿ ‘ಪ್ರೊಫೆಸರ್ ಕೆಲ್ಫಾ’ ಎಂದು ಪ್ರದರ್ಶನ ಕೊಟ್ಟವರು. ‘ಹರಿಶ್ಚಂದ್ರ’ದ ಬಳಿಕ ಅವರು ಸ್ಟುಡಿಯೊವನ್ನು ನಾಸಿಕಕ್ಕೆ ತಂದರು. ಅಲ್ಲಿ ತಯಾರಾದ ಮೊದಲ ಚಿತ್ರದ ಹೆಸರು ‘ಮೋಹಿನಿ ಭಸ್ಮಾಸುರ’. ಕನ್ನಡಿಗರಿಗೆ ಈ ಕಥೆ ಯಕ್ಷಗಾನದ ಬಯಲಿನಲ್ಲಿ ನಿದ್ದೆಗೆಟ್ಟು ನೋಡಿದ್ದು. ಕಾಸರಗೋಡಿನಿಂದ ಉಡುಪಿಯ ತನಕ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಇಣುಕಿ ನೋಡದೆ ಬೆಳೆದ ಮಕ್ಕಳು ಕಡಿಮೆ. ಅಲ್ಲಿ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ, ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಚುಟ್ಟಿ ಇಡುತ್ತಾ, ಗಂಟೆಗಟ್ಟಲೆ ಕೂತು ರಕ್ಕಸರಾಗುತ್ತಾರೆ. ಹೆದರಿಕೆಯ ಮುಖ ತಯಾರಾಗುವುದನ್ನು ಹತ್ತಿರದಿಂದ ನೋಡಬೇಕೆಂಬ ಆಸೆ ಹಾಲಿವುಡ್ಡಿನಿಂದ ಬಂದದ್ದಲ್ಲ.

ಆ ಅಕ್ಕಿಹಿಟ್ಟು ಗಮನದಲ್ಲಿರಲಿ. ಯಾಕೆಂದರೆ ರಕ್ಕಸರ ವಂಶಾವಳಿ ಹುಡುಕುತ್ತಾ ಹೋದರೆ ಪ್ರತಿ ತಲೆಮಾರಿನಲ್ಲೂ ಅಡುಗೆಮನೆಯ ಬಾಗಿಲು ಎದುರಾಗುತ್ತದೆ.

ಫಾಲ್ಕೆಯವರ ಪತ್ನಿ ಸರಸ್ವತಿಬಾಯಿ ಚಿತ್ರತಂಡದ 60–70 ಮಂದಿಗೆ ತಾವೇ ಅಡುಗೆ ಮಾಡಿ ಬಡಿಸುತ್ತಿದ್ದರು. ವೇಷಭೂಷಣ ಒಗೆಯುವುದು ಅವರೇ, ಫಿಲ್ಮ್ ತೊಳೆಯುವ ರಾಸಾಯನಿಕ ಕಲಸುವುದು ಅವರೇ, ರಾತ್ರಿ ಕೂತು ಫಿಲ್ಮಿನ ಅಂಚಿಗೆ ತೂತು ಕೊರೆಯುವುದೂ ಅವರೇ. ಭಾರತೀಯ ಸಿನಿಮಾದ ಮೊದಲ ವಸ್ತ್ರಭಂಡಾರವನ್ನೂ ಮೊದಲ ಅಡುಗೆಮನೆಯನ್ನೂ ಒಬ್ಬ ಹೆಂಗಸು ಒಟ್ಟಿಗೆ ನಡೆಸಿದಳು. ಫಾಲ್ಕೆಯವರ ಹೆಸರಿನಲ್ಲಿ ದೇಶದ ಅತಿ ದೊಡ್ಡ ಚಿತ್ರಪ್ರಶಸ್ತಿ ಇದೆ; ಈಕೆಯ ಹೆಸರು ಸಿನಿಮಾ ಪ್ರಿಯರಲ್ಲೂ ಬಹಳ ಮಂದಿಗೆ ತಿಳಿದಿಲ್ಲ. ಇದು ಬೇಸರದ ಸಂಗತಿ.

ಅತ್ತ ಹಾಲಿವುಡ್ಡಿನಲ್ಲಿ 1939ರ ‘ದಿ ವಿಜರ್ಡ್ ಆಫ್ ಆಜ್’ ಕಾಲಕ್ಕೆ ಫೋಮ್ ಲೇಟೆಕ್ಸ್ ಮುಖಗಳು ಬಳಕೆಗೆ ಬಂದವು. ಮಾಡುವ ವಿಧಾನ ಕೇಕಿನದೇ: ರಬ್ಬರ್ ಹಾಲನ್ನು ಮಿಕ್ಸರಿನಲ್ಲಿ ಬಡಿದು ನೊರೆ ಎಬ್ಬಿಸುವುದು, ಅಚ್ಚಿಗೆ ಹೊಯ್ಯುವುದು, ಓವನ್ನಿನಲ್ಲಿ ಬೇಯಿಸುವುದು. ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರದಲ್ಲಿ ಸ್ನಾನದ ಮನೆಯ ನೆಲದ ಮೇಲೆ ಹರಿದದ್ದು ಚಾಕೊಲೇಟ್ ಪಾಕ. ಕಪ್ಪು ಬಿಳುಪಿನಲ್ಲಿ ಅದು ರಕ್ತಕ್ಕಿಂತ ಚೆನ್ನಾಗಿ ರಕ್ತವಾಗಿ ಕಂಡಿತು. ‘ಏಲಿಯನ್’ (1979) ಚಿತ್ರದಲ್ಲಿ ಮುಖಕ್ಕೆ ಅಂಟಿಕೊಳ್ಳುವ ಜೀವಿಯ ಹೊಟ್ಟೆ ಬಗೆದಾಗ ಕಾಣುವುದು ಸಿಂಪಿ ಮತ್ತು ಕುರಿಯ ಮೂತ್ರಪಿಂಡ.

ಇಷ್ಟೆಲ್ಲ ಶ್ರಮದಿಂದ ಮಾಡಿದ್ದನ್ನು ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೊಗಳು ಕಸಕ್ಕೆ ಎಸೆಯುತ್ತಿದ್ದವು, ಇಲ್ಲವೇ ಬಿಚ್ಚಿ ಇನ್ನೊಂದಕ್ಕೆ ಬಳಸುತ್ತಿದ್ದವು. ಆಯ್ದಿಟ್ಟವರು ಅಭಿಮಾನಿಗಳು. ಅವರೂ ಕೂಡುತ್ತಿದ್ದದ್ದು ಊಟದ ಮನೆಯಲ್ಲೇ. 1930ರ ದಶಕದಲ್ಲಿ ಲಾಸ್ ಏಂಜಲೀಸಿನ ಕ್ಲಿಫ್ಟನ್ಸ್ ಕೆಫೆಟೇರಿಯಾದ ಮೇಲಂತಸ್ತಿನ ‘ಬ್ರೌನ್ ರೂಮ್’ನಲ್ಲಿ ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದ ಹುಡುಗರು ಸೇರುತ್ತಿದ್ದರು. ಅವರಲ್ಲಿ ಒಬ್ಬ ಮುಂದೆ ಲೇಖಕನಾಗಿ ಹೆಸರಾದ ರೇ ಬ್ರಾಡ್‌ಬರಿ, ಇನ್ನೊಬ್ಬ ಫಾರೆಸ್ಟ್ ಆಕರ್‌ಮನ್. ಕೈಲಿ ಕಾಸಿಲ್ಲದವರಿಗೂ ಅಲ್ಲಿ ಊಟ ಸಿಗುತ್ತಿತ್ತು. ಆಕರ್‌ಮನ್ ಮುಂದೆ 1958ರಲ್ಲಿ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆಯ ಸಂಪಾದಕನಾದ. ಮುಖವಾಡ, ಗೊಂಬೆ, ಪೋಸ್ಟರುಗಳಿಂದ ತುಂಬಿಹೋದ ತನ್ನ ಮನೆಯನ್ನು ಶನಿವಾರಗಳಂದು ಯಾರಿಗಾದರೂ ತೆರೆದಿಟ್ಟ. ಡ್ರಾಕುಲಾ ಪಾತ್ರಧಾರಿ ಬೇಲಾ ಲುಗೋಸಿ ತೊಟ್ಟ ಉಂಗುರವನ್ನು ಬೆರಳಿಗೆ ಹಾಕಿಕೊಂಡೇ ಬಂದವರನ್ನು ಬರಮಾಡಿಕೊಳ್ಳುತ್ತಿದ್ದ.

ಹೋಟೆಲಿನವರಿಗೆ ಇಂಥ ಸಂಗ್ರಹದ ಬೆಲೆ ತಿಳಿದದ್ದು ಒಂದು ಗಿಟಾರಿನಿಂದ. 1971ರಲ್ಲಿ ಲಂಡನ್ನಿನಲ್ಲಿ ತೆರೆದ ಹಾರ್ಡ್ ರಾಕ್ ಕೆಫೆಗೆ ರಾಕ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ತನ್ನ ಗಿಟಾರ್ ಕೊಟ್ಟ. ತನ್ನದೇನು ಕಡಿಮೆ ಎಂಬಂತೆ ಪೀಟ್ ಟೌನ್‌ಶೆಂಡ್ ತನ್ನದನ್ನೂ ಕಳಿಸಿದ. ಗೋಡೆ ತುಂಬತೊಡಗಿತು. ಆ ಕೆಫೆ 2006ರಲ್ಲಿ ಮುಂಬೈಗೂ ಮುಂದೆ ಬೆಂಗಳೂರಿಗೂ ಬಂತು. ಹಾರ್ಡ್ ರಾಕ್‌ನಲ್ಲಿ ಪಳಗಿದ ರಾಬರ್ಟ್ ಅರ್ಲ್, ಕೀತ್ ಬ್ಯಾರಿಶ್ ಜೊತೆ ಸೇರಿ 1991ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ 57ನೇ ಬೀದಿಯಲ್ಲಿ ‘ಪ್ಲಾನೆಟ್ ಹಾಲಿವುಡ್’ ತೆರೆದ. ಗಿಟಾರಿನ ಜಾಗಕ್ಕೆ ಸಿನಿಮಾದ ಸಾಮಾನು ಬಂತು. ಒಳಾಂಗಣ ರೂಪಿಸಿದ್ದು 1989ರ ‘ಬ್ಯಾಟ್‌ಮನ್’ ಚಿತ್ರಕ್ಕೆ ಗಾಥಮ್ ನಗರವನ್ನು ಕಟ್ಟಿ ಆಸ್ಕರ್ ಪಡೆದ ಆಂಟನ್ ಫರ್ಸ್ಟ್. ನೋಡಲು ಜನ ಮುಗಿಬಿದ್ದರು. ಆದರೆ ಒಮ್ಮೆ ನೋಡಿದವರು ಮತ್ತೆ ಬರಬೇಕಾದರೆ ಊಟ ರುಚಿಯಾಗಿರಬೇಕು. 1999ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಸ್ವಿಟ್ಜರ್ಲೆಂಡಿನ ಎಚ್.ಆರ್. ಗೀಗರ್ ಬೇರೆಯದೇ ದಾರಿ ಹಿಡಿದ. ‘ಏಲಿಯನ್’ನ ರಕ್ಕಸನನ್ನು ಕಲ್ಪಿಸಿದ್ದಕ್ಕೆ 1980ರಲ್ಲಿ ಆಸ್ಕರ್ ಹಂಚಿಕೊಂಡ ಕಲಾವಿದ ಈತ. ಗ್ರೂಯೇರ್ ಎಂಬ ಪುಟ್ಟ ಊರಿನಲ್ಲಿ 1998ರಲ್ಲಿ ತನ್ನ ಕೃತಿಗಳ ಸಂಗ್ರಹಾಲಯ ತೆರೆದ. 2003ರಲ್ಲಿ ಅದರ ಎದುರಿಗೇ ಒಂದು ಬಾರ್. ಅಲ್ಲಿ ಗಾಜಿನ ಪೆಟ್ಟಿಗೆಯ ಹಂಗಿಲ್ಲ. ಚಾವಣಿಯ ಕಮಾನುಗಳೇ ಬೆನ್ನುಮೂಳೆ, ಕುರ್ಚಿಗಳೇ ಪಕ್ಕೆಲುಬು. ಒಳಗೆ ಕಾಫಿ ಕುಡಿಯುವವನು ಯಾವುದೋ ದೈತ್ಯ ಪ್ರಾಣಿಯ ಹೊಟ್ಟೆಯಲ್ಲಿ ಕೂತಿರುತ್ತಾನೆ. ಸಿನಿಮಾ ವಸ್ತುವನ್ನು ಊಟದ ಮನೆಗೆ ತರುವ ಪ್ರಯತ್ನಗಳಲ್ಲಿ ಇದರಷ್ಟು ಪೂರ್ಣವಾದದ್ದು ಇನ್ನೊಂದಿಲ್ಲ.

ಉಳಿದೆಡೆ ಈ ವಸ್ತುಗಳಿಗೆ ದೊಡ್ಡ ಶತ್ರು ಅದೇ ಅಡುಗೆಮನೆ. ಲೇಟೆಕ್ಸ್‌ಗೆ ಬಿಸಿ, ಬೆಳಕು, ಗಾಳಿ ಮೂರೂ ಆಗದು. ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಕೊನೆಗೆ ಪುಡಿಯಾಗುತ್ತದೆ. ಒಗ್ಗರಣೆಯ ಹೊಗೆ, ಎಣ್ಣೆಯ ಪಸೆ ಸೇರಿದರೆ ಕೇಳುವುದೇ ಬೇಡ. 1933ರ ‘ಕಿಂಗ್ ಕಾಂಗ್’ಗಾಗಿ ಮಾಡಿದ ಗೊಂಬೆಗಳ ರಬ್ಬರೂ ಮೊಲದ ತುಪ್ಪಳವೂ ಕರಗಿಹೋಗಿ ಉಳಿದದ್ದು ಲೋಹದ ಎಲುಬುಗೂಡು. ಅಂಥದೊಂದು ಗೂಡು 2009ರಲ್ಲಿ ಲಂಡನ್ನಿನಲ್ಲಿ 1 ಲಕ್ಷ 21 ಸಾವಿರ ಪೌಂಡಿಗೆ ಹರಾಜಾಯಿತು. ಹೋಟೆಲ್ ಗೋಡೆಗೆ ಪ್ರತಿಕೃತಿ ಸಾಕು. ಅಸಲಿಗೆ ತಂಪು ಕತ್ತಲೆಯ ಕೋಣೆಯೇ ಸರಿ.

ಇನ್ನು ಕೆಲವು ಮುಖಗಳನ್ನು ಯಾವ ಹೋಟೆಲಿಗೂ ತರಬಾರದು. ನಾಸಿಕ್ ಜಿಲ್ಲೆಯ ಸುರಗಾಣ, ಪೇಠ್ ಕಡೆಯ ಆದಿವಾಸಿ ಹಳ್ಳಿಗಳಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ‘ಬೊಹಾಡಾ’ ನಡೆಯುತ್ತದೆ. ಮರದಲ್ಲಿ ಕೆತ್ತಿದ, ಇಲ್ಲವೇ ಕಾಗದ ನೆನೆಸಿ ಅರೆದು ಮಾಡಿದ ಮುಖವಾಡಗಳು: ನರಸಿಂಹ, ರಾವಣ, ವೇತಾಳ. ದೀವಟಿಗೆಯ ಬೆಳಕಿನಲ್ಲಿ, ಸಂಬಳ್ ವಾದ್ಯದ ಸದ್ದಿಗೆ ಅವು ಕುಣಿಯುತ್ತಾ ಬರುತ್ತವೆ. ಪ್ರತಿ ವೇಷಕ್ಕೂ ಮರಾಠಿಯಲ್ಲಿ ‘ಸೋಂಗ್’ ಎನ್ನುತ್ತಾರೆ. ನಮ್ಮ ‘ಸೋಗು’ ಅದರ ನೆಂಟನೇ. ಯಾವ ಸೋಂಗ್ ಯಾವ ಮನೆಯದೆಂಬ ಹಕ್ಕು ತಲೆಮಾರಿನಿಂದ ಬಂದದ್ದು, ಮುಖವಾಡಕ್ಕೆ ಪೂಜೆಯೂ ಉಂಟು. ತುಳುನಾಡಿನ ಭೂತಗಳ ಮೊಗಗಳಂತೆ ಇವು ಆರಾಧನೆಯ ವಸ್ತುಗಳು, ಅಲಂಕಾರದ ಸಾಮಾನಲ್ಲ.

ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದಲ್ಲಿ ಹೋಟೆಲಿಗೆ ತರಲಾಗದ ಇಂಥ ಭಯಕ್ಕೆ ಇನ್ನೂ ಹಳೆಯ ರೂಪವಿದೆ. ರಾಷ್ಟ್ರಕೂಟ ದಂತಿದುರ್ಗನ ಶಾಸನವಿರುವ 15ನೇ ಗುಹೆಯ ಗೋಡೆಯಲ್ಲಿ ಭೈರವ ಅಸುರನನ್ನು ತಿವಿದು ನಿಂತಿದ್ದಾನೆ. ಕೆಳಗೆ ಪಕ್ಕೆಲುಬು ಎಣಿಸಬಹುದಾದಷ್ಟು ಬಡಕಲಾದ ಕಾಳಿ. ಕನ್ನಡ ದೊರೆಗಳ ಕಾಲದ ಆ ಶಿಲ್ಪಿ ಹಸಿವನ್ನೇ ಕಲ್ಲಿನಲ್ಲಿ ಕಡೆದಿದ್ದಾನೆ.

ಮತ್ತೆ ಮೊದಲಿಗೆ ಬರೋಣ: ಫಾಲ್ಕೆಯವರ ರಕ್ಕಸರನ್ನು ಎಲ್ಲಿ ನೋಡುವುದು? ‘ಕಾಳಿಯ ಮರ್ದನ’ (1919) ಉಳಿದಿದೆ. ನಾಸಿಕದ ಫಾಲ್ಕೆ ಕುಟುಂಬದ ಬಳಿ ಇದ್ದ ಸುರುಳಿಗಳನ್ನು ಪುಣೆಯ ಫಿಲ್ಮ್ ಆರ್ಕೈವ್‌ನ ಪಿ.ಕೆ. ನಾಯರ್ ತಂದು ಜೋಡಿಸಿದರು. ಯಮುನೆಯ ಮಡುವಿನಲ್ಲಿ ಸರ್ಪದೊಡನೆ ಹೋರಾಡುವ ಬಾಲಕೃಷ್ಣ ಫಾಲ್ಕೆಯವರ ಏಳು ವರ್ಷದ ಮಗಳು ಮಂದಾಕಿನಿ. ಕಥೆ ಶುರುವಾಗುವ ಮುನ್ನ ಆಕೆ ವೇಷವಿಲ್ಲದೆ, ಬರಿಯ ಹುಡುಗಿಯಾಗಿ ಕ್ಯಾಮೆರಾ ಮುಂದೆ ನಿಂತು ಒಂದೊಂದೇ ಭಾವವನ್ನು ಮುಖದ ಮೇಲೆ ತಂದು ತೋರಿಸುತ್ತಾಳೆ. ಆಮೇಲೆ ಆ ಮುಖ ಮೆಲ್ಲಗೆ ಮಸುಕಾಗಿ, ಅದೇ ಜಾಗದಲ್ಲಿ ವೇಷ ತೊಟ್ಟ ಕೃಷ್ಣ ಮೂಡುತ್ತಾನೆ.