ಮಾಸಾಶನ

ಸವರ್ಣದೀರ್ಘ ಸಂಧಿಗೆ ಉದಾಹರಣೆ ಬೇಕಾದಾಗಲೆಲ್ಲ ನಾನು ಕರಿಹಲಗೆಯ ಮೇಲೆ ‘ಮಾಸಾಶನ’ ಎಂಬ ಪದವನ್ನು ಬರೆಯುವುದುಂಟು. ಮಾಸ ಮತ್ತು ಅಶನ. ಎಂದರೆ ತಿಂಗಳ ಅನ್ನ. ಹಲವು ವರ್ಷಗಳಿಂದ ಈ ಪದವನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸುತ್ತ ಬಂದವನಿಗೆ ಅದರ ಅರ್ಥ ತಿಳಿದದ್ದು ೨೦೨೨ರ ಬೇಸಿಗೆಯಲ್ಲಿ, ಅಕ್ಕನೊಡನೆ ನಮ್ಮ ಹೋಬಳಿಯ ನಾಡಕಚೇರಿಯ ಮುಂದೆ ನಿಂತಾಗ.

ಅಕ್ಕನಿಗೆ ಮೂರು ವರ್ಷವಾಗಿದ್ದಾಗ ಪೋಲಿಯೋ ತಗುಲಿ ಬಲಗಾಲು ಸೊರಗಿಹೋಯಿತು. ೨೦೧೪ರ ಮಾರ್ಚಿಯಲ್ಲಿ ಭಾರತಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ರೋಗವೇನೋ ದೇಶವನ್ನು ಬಿಟ್ಟು ಹೋಯಿತು. ಅದು ಹಿಡಿದ ಕಾಲುಗಳು ಇಲ್ಲಿಯೇ ಉಳಿದಿವೆ, ಅವಕ್ಕೆ ಈಗ ವಯಸ್ಸಾಗುತ್ತಿದೆ. ಅಕ್ಕ ಹಳ್ಳಿಯ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಕೈಯಿಂದ ತಿರುಗಿಸುವ ಹೊಲಿಗೆಯಂತ್ರವೊಂದೇ ಅವಳ ಆಧಾರ. ಐವತ್ತು ದಾಟಿದ ಮೇಲೆ ಕಣ್ಣೂ ಬೆರಳೂ ಮೊದಲಿನಂತೆ ಮಾತು ಕೇಳುತ್ತಿಲ್ಲ.

ಪಿಂಚಣಿಗೆ ಅರ್ಜಿ ಹಾಕುತ್ತೇನೆಂದು ಅವಳು ಹೇಳಿದಾಗ ನನ್ನ ಅಭಿಮಾನಕ್ಕೆ ಪೆಟ್ಟಾಯಿತು. ತಿಂಗಳು ತಿಂಗಳೂ ನಾನು ಕಳುಹಿಸುವ ಹಣ ಸಾಲದೆ? ತಮ್ಮ ಕಾಲೇಜಿನ ಅಧ್ಯಾಪಕನಾಗಿರುವಾಗ ಅಕ್ಕ ಕಚೇರಿಯ ಮುಂದೆ ಕೈಯೊಡ್ಡುವುದೆ?

“ನೀನು ಕಳಿಸೋದು ನಿನ್ನ ಪ್ರೀತಿ ಕಣೋ. ಇದು ನನ್ನ ಹೆಸರಿಗೆ ಬರೋದು” ಎಂದಳು. ಆ ಮಾತು ಅಂದು ನನಗೆ ಹತ್ತಲಿಲ್ಲ.

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋದೆವು. ವೈದ್ಯರು ಕಾಲನ್ನು ಮಡಿಸಿ, ಚಾಚಿ, ಟೇಪಿನಿಂದ ಅಳೆದು, ಪ್ರಮಾಣಪತ್ರದಲ್ಲಿ ಶೇಕಡ ೫೫ ಎಂದು ಬರೆದರು. ನ್ಯೂನತೆ ಶೇಕಡ ೪೦ ಇದ್ದವರು ಮಾಸಾಶನಕ್ಕೆ ಅರ್ಹರು. ಶೇಕಡ ೭೫ನ್ನು ದಾಟಿದವರಿಗೆ ಮೊತ್ತ ಹೆಚ್ಚು. “ಹಾಗಾದರೆ ನನ್ನಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲವೇ ಇಲ್ಲ ಅಂತಾಯ್ತು” ಎಂದು ಅಕ್ಕ ನಕ್ಕಳು. ಜೊತೆಗೂಡಿ ನಗಲು ನನ್ನಿಂದಾಗಲಿಲ್ಲ.

ಭಾಷೆಯ ಮೇಷ್ಟರಿಗೆ ದುಃಖದಲ್ಲಿಯೂ ಪದಗಳೇ ಕಾಣುತ್ತವೆ. ಮೊದಲು ‘ಅಂಗವಿಕಲ’ ಎನ್ನುತ್ತಿದ್ದರು. ಅದು ನೋಯಿಸುತ್ತದೆಂದು ‘ವಿಕಲಚೇತನ’ ಬಂದಿತು. ಅಂಗದ ಕೊರತೆಯನ್ನು ಮರೆಸಲು ಹೋಗಿ ಚೇತನಕ್ಕೇ ವೈಕಲ್ಯವನ್ನು ಹೊರಿಸಿದ ಈ ಸಮಾಸವನ್ನು ಕಟ್ಟಿದವರು ಯಾರೋ! ಈಗ ‘ವಿಶೇಷಚೇತನ’ ಎಂಬುದೂ ಬಳಕೆಯಲ್ಲಿದೆ. ೧೯೯೫ರ ಕಾಯಿದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿತ್ತು. ೨೦೧೬ರ ಕಾಯಿದೆ ಇಪ್ಪತ್ತೊಂದನ್ನು ಗುರುತಿಸಿ, ‘ಹಕ್ಕು’ ಎಂಬ ಮಾತನ್ನು ಶೀರ್ಷಿಕೆಯಲ್ಲಿಯೇ ಇಟ್ಟಿತು. ಇದನ್ನೆಲ್ಲ ಅಕ್ಕನಿಗೆ ವಿವರಿಸುತ್ತಿದ್ದಂತೆ ಕಚೇರಿ ಬಂದಿತು. ಮುಂದೆ ಐದು ಮೆಟ್ಟಿಲುಗಳು. ಬಲಗೈಯಿಂದ ತೊಡೆಯನ್ನು ಒತ್ತಿ ಒತ್ತಿ ಒಂದೊಂದನ್ನೇ ಏರಿದ ಅಕ್ಕ, ಮೇಲೆ ನಿಂತು ಉಸಿರು ತಿರುಗಿಸಿಕೊಂಡು, “ಹೆಸರು ಯಾವುದಾದರೂ ಇಟ್ಟುಕೊಳ್ಳಲಿ, ಇಲ್ಲೊಂದು ಹಿಡಿಕಂಬಿ ಇಟ್ಟಿದ್ದರೆ ಚೆನ್ನಾಗಿತ್ತು” ಎಂದಳು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಹಿಂದಿನ ರಾತ್ರಿ ಕುಳಿತು ನಾನೊಂದು ಮನವಿಯನ್ನು ಬರೆದಿದ್ದೆ. ‘ದಯಾಪರರಾದ ತಾವು’ ಎಂದು ತೊಡಗಿ ‘ಕೃಪೆದೋರಬೇಕೆಂದು ಪ್ರಾರ್ಥನೆ’ ಎಂದು ಮುಗಿಯುವ ಎರಡು ಪುಟ. ಕಿಟಕಿಯ ಹಿಂದಿದ್ದ ಹುಡುಗಿ ಅದನ್ನು ಓದದೆಯೇ ಹಿಂದಕ್ಕೆ ಕೊಟ್ಟು, “ಇದು ಬೇಡ ಸಾರ್. ಆಧಾರ್, ಪಡಿತರ ಚೀಟಿ, ಡಾಕ್ಟರ ಸರ್ಟಿಫಿಕೇಟು, ಪಾಸ್‌ಬುಕ್ಕು ಕೊಡಿ” ಎಂದಳು. ಅವಳು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡತೊಡಗಿದೆ. “ಅರ್ಜಿ ಅಮ್ಮನದಲ್ಲವೇ ಸಾರ್, ಅವರೇ ಹೇಳಲಿ” ಎಂದಳು. ನಾನು ಪಕ್ಕಕ್ಕೆ ಸರಿದೆ. ಅಕ್ಕ ತನ್ನ ಹೆಸರು, ವಯಸ್ಸು, ವರಮಾನಗಳನ್ನು ಸ್ಪಷ್ಟವಾಗಿ ಹೇಳಿದಳು.

ಆದರೂ ಅಂದು ಕೆಲಸವಾಗಲಿಲ್ಲ. ಆಧಾರಿನಲ್ಲಿ ಅವಳ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಆ ಎರಡಕ್ಷರಕ್ಕಾಗಿ ಬ್ಯಾಂಕಿಗೊಮ್ಮೆ, ಕಚೇರಿಗೆ ಇನ್ನೆರಡು ಸಲ ಅಲೆದೆವು. ಅಷ್ಟು ಸಲವೂ ಆ ಐದು ಮೆಟ್ಟಿಲು. ಅರ್ಜಿಯನ್ನು ಸ್ವೀಕರಿಸಿದ ರಸೀತಿಯನ್ನು ಅಕ್ಕ ನೂಲಿನ ಉಂಡೆಗಳ ಡಬ್ಬಿಯಲ್ಲಿ ಜೋಪಾನವಾಗಿಟ್ಟಳು. ಗ್ರಾಮ ಲೆಕ್ಕಿಗರು ಮನೆಗೆ ಬಂದು ವಿಚಾರಿಸಿ ಹೋದರು. ಕೆಲವು ವಾರಗಳ ಮೇಲೆ ತಹಶೀಲ್ದಾರರ ಆದೇಶ ಬಂದಿತು. ಅವಳ ವರ್ಗದವರಿಗೆ ೬೦೦ ರೂಪಾಯಿ ಇದ್ದದ್ದನ್ನು ೮೦೦ಕ್ಕೆ ಏರಿಸುವುದಾಗಿ ೨೦೨೧ರ ಜುಲೈಯಲ್ಲಿ ಸರ್ಕಾರ ಪ್ರಕಟಿಸಿತ್ತು. ಎಂಟುನೂರು ರೂಪಾಯಿಗೆ ತಿಂಗಳ ಅನ್ನ ನಡೆಯದು. ಪದ ಆಡಿದ ಮಾತನ್ನು ಮೊತ್ತ ಇನ್ನೂ ನಡೆಸಿಕೊಟ್ಟಿಲ್ಲ. ವಾಚಕರಿಂದ ಇದನ್ನು ಮರೆಮಾಚಲಾರೆ.

ಆ ವರ್ಷ ಗೌರೀಹಬ್ಬಕ್ಕೆ ಹಳ್ಳಿಗೆ ಹೋದೆ. ಪ್ರತಿವರ್ಷವೂ ನಾನು ಹಣ ಕೊಡಹೋದರೆ ಅಕ್ಕ “ಯಾಕೋ, ಬೇಡವೋ” ಎಂದು ಕೈಯನ್ನು ಹಿಂದಕ್ಕೆಳೆದುಕೊಳ್ಳುವಳು. ನಾನು ಬಲವಂತ ಮಾಡುವೆನು. ಅದು ಹಬ್ಬದ ಸಂಪ್ರದಾಯವೆಂದೇ ನಾನು ತಿಳಿದಿದ್ದೆ. ಈ ಸಲ ಅವಳು ನಗುತ್ತ ಕೈ ನೀಡಿ ನೋಟುಗಳನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ನಾನು ಅಚ್ಚರಿಯಿಂದ ನೋಡುತ್ತಿರಲು, ಅವಳು ಹೇಳಿದಳು:

“ಈಗ ನಿನ್ನ ಹತ್ತಿರ ತಗೊಳ್ಳೋಕೆ ನಾಚಿಕೆಯಾಗೋಲ್ಲ ಕಣೋ.”

ಅಷ್ಟು ವರ್ಷವೂ ಅವಳಿಗೆ ನಾಚಿಕೆಯಾಗುತ್ತಿತ್ತೆಂಬುದು ನನಗೆ ತಿಳಿದೇ ಇರಲಿಲ್ಲ.