ಮಂಜೆಷ್ಟು, ಗಟ್ಟಿಯೆಷ್ಟು?

ಬದಿಯಡ್ಕದ ಓದುಗರೊಬ್ಬರು ತಮ್ಮ ಅಣ್ಣನ ಎದೆಯ ಸಿ.ಟಿ. ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಿ ಕೇಳಿದ್ದಾರೆ: "ಮಾಷ್ಟ್ರೇ, ಶ್ವಾಸಕೋಶದಲ್ಲಿ 14 ಮಿ.ಮೀ. ಗಂಟು, ಗ್ರೌಂಡ್ ಗ್ಲಾಸ್ ಅಂತ ಬರೆದಿದ್ದಾರೆ. ಈಗ ಎಐ ಚಿತ್ರ ನೋಡಿಯೇ ಆಯುಷ್ಯ ಹೇಳ್ತದಂತೆ, ಹೌದಾ?"

ಆಯುಷ್ಯ ಹೇಳುವ ಯಂತ್ರವನ್ನು ನಾನು ಕಂಡಿಲ್ಲ. ಆದರೆ ಆ 'ಗ್ರೌಂಡ್ ಗ್ಲಾಸ್' ಎಂಬ ಮಾತಿನಲ್ಲಿ ಎಐಗಿಂತ ಹಳೆಯದಾದ, ಹೆಚ್ಚು ನಂಬಬಹುದಾದ ಸೂಚನೆಯೊಂದಿದೆ.

ಇಂಥ ಒಳಸೂಚನೆ ಏನೆಂದು ಚಾಲಿ ಅಡಿಕೆ ಮಾರಲು ಹೋದವರಿಗೆ ಬೇಗ ತಿಳಿಯುತ್ತದೆ. ವ್ಯಾಪಾರಿ ಗೋಣಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ನಾಲ್ಕು ಅಡಿಕೆ ತೆಗೆದು, ಕತ್ತರಿಯಲ್ಲಿ ಇಬ್ಭಾಗ ಮಾಡುತ್ತಾನೆ. ಹೊರಗಿನ ಹೊಳಪು ಅವನಿಗೆ ಬೇಡ. ಸೀಳಿನಲ್ಲಿ ಬಿಳಿ ಎಷ್ಟು, ಕಂದುಗೆರೆ ಎಷ್ಟು, ನಡುವೆ ಕಪ್ಪು ಇದೆಯೇ ಎಂದು ಒಮ್ಮೆ ನೋಡಿ, 'ಪಟೋರ' (ಕೆಳದರ್ಜೆ) ಅಂತ ಪಕ್ಕಕ್ಕೆ ತಳ್ಳಿದರೆ ಮುಗಿಯಿತು. ಸಿ.ಟಿ. ಎಂದರೆ ಕತ್ತರಿ ತಾಗಿಸದೆ ಆ ಸೀಳು ನೋಡುವ ವಿದ್ಯೆ.

1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಯಂತ್ರ ಮೊದಲ ರೋಗಿಯ ಮಿದುಳನ್ನು ಹೀಗೆ ನೋಡಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಜತೆ ಸೇರಿ ಒಂದು ಲೆಕ್ಕ ಪ್ರಕಟಿಸಿದರು. ಸುತ್ತಲಿಂದ ತೆಗೆದ ಎಕ್ಸ್‌ರೇ ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಬಳಿದರೆ ಒಳಗಿನ ಚಿತ್ರ ಮೂಡುತ್ತದೆ, ಆದರೆ ಮಳೆಗೆ ನೆನೆದ ಶಾಯಿಯ ಹಾಗೆ ಹರಡಿಕೊಂಡು. ಪ್ರತಿ ನೆರಳಿನ ಅಂಚಿಗೆ ಮೊದಲೇ ಸ್ವಲ್ಪ ಋಣಸಂಖ್ಯೆ ಸೇರಿಸಿಟ್ಟರೆ ಆ ಹರಡಿಕೆ ತಂತಾನೇ ಕಳೆದುಹೋಗುತ್ತದೆ. ಇದೇ ರಾಮ್-ಲ್ಯಾಕ್ ಫಿಲ್ಟರ್. ದಶಕಗಳ ಕಾಲ ಲೋಕದ ಸಿ.ಟಿ. ಯಂತ್ರಗಳು ಈ ಬಗೆಯ ಲೆಕ್ಕದಲ್ಲೇ ನಡೆದವು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್‌ರಿಗೆ ಹೋಯಿತು. ಎರ್ನಾಕುಳಂನಲ್ಲಿ ಹುಟ್ಟಿ ಬೆಂಗಳೂರಿಗೆ ಬಂದ ರಾಮಚಂದ್ರನ್‌ರನ್ನು ಎರಡೂ ರಾಜ್ಯದವರು ತಮ್ಮವರೆನ್ನಬಹುದು. ಕಾಸರಗೋಡಿನ ನಮಗಂತೂ ತಕರಾರಿಲ್ಲ.

ಸಿ.ಟಿ. ಚಿತ್ರದ ಪ್ರತಿ ಚುಕ್ಕಿಗೂ ಒಂದು ಅಂಕಿಯಿದೆ: ನೀರಿಗೆ 0, ಗಾಳಿಗೆ -1000. ಶ್ವಾಸಕೋಶದ ಗಾಳಿಗೂಡುಗಳ ಗೋಡೆಯ ಮೇಲೆ ಮಾತ್ರ ಕ್ಯಾನ್ಸರ್ ಕಣಗಳು ಪಾಚಿಯಂತೆ ಹಬ್ಬಿದ್ದರೆ ಒಳಗೆ ಇನ್ನೂ ಗಾಳಿಯಿರುತ್ತದೆ, ಚಿತ್ರದಲ್ಲಿ ಬರೇ ಮಂಜು ಕಾಣುತ್ತದೆ. ಇದೇ 'ಗ್ರೌಂಡ್ ಗ್ಲಾಸ್'. ಗೂಡುಗಳು ಮುಚ್ಚಿ ಕ್ಯಾನ್ಸರ್ ಒಳನುಗ್ಗಿದಲ್ಲಿ ಗಟ್ಟಿ ಬಿಳಿ. ಜಪಾನಿನ ವೈದ್ಯರು ಈ ಗಟ್ಟಿಯ ಪಾಲನ್ನೇ ಅಳೆದರು. ಗಂಟು 2 ಸೆಂ.ಮೀ. ಮೀರದೆ, ಗಟ್ಟಿಭಾಗ ಕಾಲಂಶದೊಳಗಿದ್ದ 314 ಮಂದಿಗೆ ಶ್ವಾಸಕೋಶದ ಇಡೀ ಹಾಲೆ ತೆಗೆಯದೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿದರು. ಐದು ವರ್ಷ ರೋಗ ಮರಳದೆ ಬದುಕಿರುವ ಪ್ರಮಾಣ 99.7 ಶೇಕಡಾ! 14 ಮಿ.ಮೀ.ಯಲ್ಲಿ ಗಟ್ಟಿ 3 ಇದ್ದರೆ ಅದು ಕಾಲಿಗಿಂತ ಕಡಿಮೆಯೇ. (ಸೋಂಕಿನಿಂದಲೂ ಇಂಥ ಮಂಜು ಬರುತ್ತದೆ, ಕೆಲ ತಿಂಗಳಲ್ಲಿ ಮಾಯವಾಗುತ್ತದೆ. 'ಮತ್ತೆ ಬನ್ನಿ' ಎನ್ನುವುದು ಅದಕ್ಕೇ.)

ಇನ್ನು ಎಐ ಪುರಾಣ. 2014ರಲ್ಲಿ ಒಂದು ತಂಡ ಸಿ.ಟಿ. ಗಂಟುಗಳಿಂದ 440 ಲಕ್ಷಣ ಹೆಕ್ಕಿ, ನಾಲ್ಕನ್ನು ಆರಿಸಿ, ರೋಗಿಯ ಮುಂದಿನ ಗತಿ ಹೇಳಬಹುದೆಂದಿತು. ಭಾರೀ ಸದ್ದಾಯಿತು. 2019ರಲ್ಲಿ ಟೊರಾಂಟೊದವರು ಅದನ್ನೇ ಪರೀಕ್ಷಿಸಲು ಗಂಟಿನೊಳಗಿನ ಚುಕ್ಕಿಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿಬಿಟ್ಟರು. ಭವಿಷ್ಯ ಬದಲಾಗಲಿಲ್ಲ! ನಾಲ್ಕರಲ್ಲಿ ಮೂರು ಲಕ್ಷಣ ಹೇಳುತ್ತಿದ್ದದ್ದು ಗಂಟು ಎಷ್ಟು ದೊಡ್ಡದು ಎಂಬುದನ್ನೇ. ಅದಕ್ಕೆ ಸ್ಕೇಲು ಸಾಕಿತ್ತು.

ಆದ್ದರಿಂದ ಡಾಕ್ಟರಲ್ಲಿ ಕೇಳಬೇಕಾದ್ದು: ಗಟ್ಟಿ ಎಷ್ಟು, ಹಿಂದಿಗಿಂತ ಬೆಳೆದಿದೆಯಾ? 10 ಮಿ.ಮೀ. ಅಡ್ಡಳತೆಯ ಗಂಟು 12.6 ಆದರೆ ಘನಗಾತ್ರ ಇಮ್ಮಡಿಯಾಯಿತು ಎಂದರ್ಥ. ಇಷ್ಟು ಸಣ್ಣ ವ್ಯತ್ಯಾಸ 5 ಮಿ.ಮೀ. ದಪ್ಪದ ಹೋಳುಗಳಲ್ಲಿ ಸಿಗದು, 1 ಮಿ.ಮೀ. ಹೋಳು ಬೇಕು. ತಲಪಾಡಿ ದಾಟಿ ಮಂಗಳೂರಿಗೆ ಹೋಗುವಾಗ ಹಳೆಯ ಸಿ.ಡಿ. ಕೈಯಲ್ಲಿರಲಿ, ಫಿಲ್ಮ್ ಸಾಲದು. ನಮ್ಮ ಮನೆಯಲ್ಲಿ ಅಂಥದ್ದೊಂದು ಪೇರಳೆ ಮರದಲ್ಲಿ ಹಕ್ಕಿ ಓಡಿಸಲು ತೂಗುತ್ತಿತ್ತು. ಏಣಿ ಇಟ್ಟು ಬಿಚ್ಚಿ ತಂದವನು ನಾನೇ.